ಮಾಸ್ತಿಕಟ್ಟೆ ಸುತ್ತ ಕಾಲೇಜು ಶಿಬಿರ: ಶ್ರಮದಾನ, ಕೋಟೆ, ಚಾರಣ ಸರಿ, ಉಣುಗಿನ ತಿಂಗಳು ಗೊತ್ತಿರಲಿ

ಮಾಸ್ತಿಕಟ್ಟೆ: ಮಳೆಗಾಲದಲ್ಲಿ ಈ ಊರಿನ ಹೆಸರು ಪೇಪರ್‌ನಲ್ಲಿ ಬರೋದು ಮಳೆ ಲೆಕ್ಕದ ಪಟ್ಟಿಯಲ್ಲಿ. ಮಾಣಿ, ಯಡೂರು, ಹುಲಿಕಲ್, ಸಾವೇಹಕ್ಲು, ಚಕ್ರಾ ಜೊತೆಗೆ ಮಾಸ್ತಿಕಟ್ಟೆಯಲ್ಲಿ ಇಷ್ಟು ಮಿಲಿಮೀಟರ್ ಅಂತ. ಮಳೆ ನಿಂತು ರಸ್ತೆ ಒಣಗಿದ ಮೇಲೆ ಬರುವವರೇ ಬೇರೆ. ಬಸ್ಸು, ಟಿಟಿ ತುಂಬಾ ಕಾಲೇಜು ಹುಡುಗ ಹುಡುಗಿಯರು. ಕೆಲವರದ್ದು ಬರೀ ಟೂರು. ಇನ್ನು ಕೆಲವರದ್ದು ಒಂದು ವಾರದ ಶಿಬಿರ. ಬೆಳಿಗ್ಗೆ ಶ್ರಮದಾನ, ಮಧ್ಯಾಹ್ನ ಉಪನ್ಯಾಸ, ರಾತ್ರಿ ಸಾಂಸ್ಕೃತಿಕ ಕಾರ್ಯಕ್ರಮ, ನಡುವೆ ಒಂದು ದಿನ ನಗರದ ಕೋಟೆಯೋ ಕೊಡಚಾದ್ರಿಯೋ.

ಹೀಗೆ ಸೇವೆ, ಪ್ರವಾಸ, ಸಾಹಸ ಮೂರನ್ನೂ ಒಂದೇ ಗಂಟಿಗೆ ಕಟ್ಟಿ ವಿದ್ಯಾರ್ಥಿಗಳನ್ನು ಕರೆದೊಯ್ಯುವುದು ಹೊರದೇಶಗಳಲ್ಲಿ ದೊಡ್ಡ ವ್ಯಾಪಾರವೇ ಆಗಿದೆ. ನಮ್ಮಲ್ಲಿ ಅದನ್ನು ಹೆಚ್ಚಾಗಿ ನಡೆಸೋದು ಕಾಲೇಜಿನ ಎನ್‌ಎಸ್‌ಎಸ್ ಘಟಕಗಳು. ಊರವರ ಜೊತೆ ವಾರವಿಡೀ ಇರೋದು, ಅವರ ಕೆಲಸಕ್ಕೆ ಕೈ ಹಾಕೋದು ಒಳ್ಳೆಯದೇ. ಆದರೆ ಹೊಸನಗರ, ತೀರ್ಥಹಳ್ಳಿ, ಸಾಗರದ ಕಾಡಂಚಿನ ಊರುಗಳಲ್ಲಿ ಒಂದು ತೊಡಕಿದೆ. ಶಿಬಿರಕ್ಕೆ ಅನುಕೂಲ ಅಂತ ಕಾಣುವ ತಿಂಗಳುಗಳೇ ಮಂಗನ ಕಾಯಿಲೆಯ ತಿಂಗಳುಗಳೂ ಹೌದು. ಹೀಗಾಗಿ ಯಾವ ಕೆಲಸ, ಎಲ್ಲಿ, ಯಾವಾಗ ಅನ್ನೋದು ಇಲ್ಲಿ ಬರೀ ವೇಳಾಪಟ್ಟಿಯ ವಿಷಯ ಅಲ್ಲ.

ಶಿಬಿರದ ಮೂಲ

ರಾಷ್ಟ್ರೀಯ ಸೇವಾ ಯೋಜನೆ ಶುರುವಾಗಿದ್ದು ಗಾಂಧೀಜಿ ಜನ್ಮ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು. ಆಗ ಕೇಂದ್ರದ ಶಿಕ್ಷಣ ಸಚಿವರಾಗಿದ್ದವರು ಬಳ್ಳಾರಿಯಿಂದ ಲೋಕಸಭೆಗೆ ಗೆದ್ದಿದ್ದ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್. ಮೊದಲ ವರ್ಷ 37 ವಿಶ್ವವಿದ್ಯಾಲಯಗಳ 40 ಸಾವಿರ ವಿದ್ಯಾರ್ಥಿಗಳು ಸೇರಿದ್ದರು. ಸ್ವಯಂಸೇವಕರಾದವರು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷದಲ್ಲಿ 240 ಗಂಟೆ ಕೆಲಸ ಮಾಡಬೇಕು. ಅದರ ಜೊತೆಗೆ ಏಳು ದಿನದ ವಿಶೇಷ ಶಿಬಿರ. ಊರವರು ‘ಕ್ಯಾಂಪ್ ಬಂತು’ ಅನ್ನೋದು ಇದಕ್ಕೇ.

ದೂರದ ಊರಿಗೆ ಹೋಗಿ ಕೂಡಿ ಕೆಲಸ ಮಾಡುವ ಶಿಬಿರದ ಕಲ್ಪನೆ ಇನ್ನೂ ಹಳೆಯದು. ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಸ್ವಿಟ್ಜರ್ಲೆಂಡಿನ ಪಿಯರ್ ಸೆರೆಸೋಲ್ ಮತ್ತು ಸಂಗಡಿಗರು ಫ್ರಾನ್ಸಿನ ವರ್ಡನ್ ಬಳಿ ಹಾಳಾದ ಹಳ್ಳಿಯೊಂದನ್ನು ಕಟ್ಟಲು ಹೋಗಿದ್ದರು. 1934ರ ಬಿಹಾರದ ಭೂಕಂಪದ ನಂತರ ಅದೇ ಸೆರೆಸೋಲ್ ಭಾರತಕ್ಕೂ ಬಂದು ಮನೆ ಕಟ್ಟುವ ಕೆಲಸಕ್ಕೆ ನಿಂತರು. ಅಲ್ಲಿ ಮನೆ ಬಿದ್ದಿತ್ತು, ಕಟ್ಟಲು ಕೈ ಬೇಕಿತ್ತು. ಈಗ ಎಷ್ಟೋ ಕಡೆ ಇದು ತಿರುಗುಮುರುಗು ಆಗಿದೆ. ಕೈಗಳು ಮೊದಲು ಬರುತ್ತವೆ, ಕೆಲಸ ಆಮೇಲೆ ಹುಡುಕಬೇಕು. ಒಂದೇ ಶಾಲೆಯ ಗೋಡೆಗೆ ತಂಡದ ಮೇಲೆ ತಂಡ ಬಣ್ಣ ಹೊಡೆದು ಹೋಗುವುದು ಈ ಬಗೆಯ ಸೇವಾ ಪ್ರವಾಸಗಳ ಮೇಲೆ ಜಗತ್ತಿನಾದ್ಯಂತ ಇರುವ ದೂರು.

ಯಾವ ಕೆಲಸಕ್ಕೆ ಯಾವ ಕಾಲ?

ಮಲೆನಾಡಿನಲ್ಲಿ ಕೆಲಸಕ್ಕೆ ಕೊರತೆ ಇಲ್ಲ, ಆದರೆ ಪ್ರತಿಯೊಂದಕ್ಕೂ ಅದರದೇ ಕಾಲ ಇದೆ. ಹಳ್ಳಕ್ಕೆ ಕಟ್ಟ ಹಾಕುವುದನ್ನೇ ನೋಡಿ. ಮಳೆ ನಿಂತ ಮೇಲೆ ಹರಿವು ಇರುವಾಗಲೇ ಕಲ್ಲು, ಮಣ್ಣು, ಮರಳಿನ ಚೀಲ ಇಟ್ಟು ನೀರು ನಿಲ್ಲಿಸಿದರೆ ತೋಟಕ್ಕೆ, ಕೆಳಗಿನ ಮನೆಯ ಬಾವಿಗೆ ಬೇಸಿಗೆಯಲ್ಲಿ ನೀರು ಉಳಿಯುತ್ತೆ. ನವೆಂಬರ್, ಡಿಸೆಂಬರ್ ಅದಕ್ಕೆ ಸರಿಯಾದ ಹೊತ್ತು. ಐವತ್ತು ಜನ ಸಾಲಾಗಿ ನಿಂತು ಚೀಲ ದಾಟಿಸಿದರೆ ಮನೆಯವರಿಗೆ ವಾರ ಹಿಡಿಯುವ ಕೆಲಸ ಎರಡು ದಿನಕ್ಕೆ ಮುಗಿದೀತು. ಅದೇ ಶಿಬಿರ ಮಾರ್ಚ್‌ನಲ್ಲಿ ಬಂದರೆ ಹಳ್ಳ ಬತ್ತಿರುತ್ತೆ. ಕಟ್ಟ ಹಾಕಿ ಫೋಟೊ ತೆಗೆಯಬಹುದು, ನೀರು ಬರೋಲ್ಲ.

ಬೇಸಿಗೆಗೆ ಹೊಂದುವ ಕೆಲಸ ಕೆರೆ ಹೂಳು ತೆಗೆಯೋದು. ಗಿಡ ನೆಡೋದಕ್ಕೆ ಜೂನ್ ಬೇಕು. ಫೆಬ್ರವರಿಯಲ್ಲಿ ಅತಿಥಿಗಳ ಕೈಯಲ್ಲಿ ನೆಡಿಸಿದ ಗಿಡಕ್ಕೆ ಆಮೇಲೆ ನೀರು ಹೊರುವವರು ಯಾರು ಅಂತ ಮೊದಲೇ ಗೊತ್ತಾಗಿರಬೇಕು.

ನವೆಂಬರ್‌ನಲ್ಲೂ ತೊಂದರೆ ಇಲ್ಲದಿಲ್ಲ. ಆಗ ಭತ್ತದ ಕೊಯ್ಲು, ಅಡಿಕೆ ಕೊನೆ ಕೊಯ್ಲು, ಬೇಯಿಸೋದು, ಒಣಗಿಸೋದು. ಶಿಬಿರಕ್ಕೆ ಬಂದು ನಿಲ್ಲೋಕೆ ಊರವರಿಗೆ ಪುರುಸೊತ್ತಿರೋಲ್ಲ. ಕಾಲೇಜಿಗೆ ಸೆಮಿಸ್ಟರ್ ಪರೀಕ್ಷೆ. ಇತ್ತ ಫೆಬ್ರವರಿ, ಮಾರ್ಚ್ ಅಂದರೆ ಉಳಿಯೋಕೆ ಶಾಲೆ ಕಟ್ಟಡ ಸಿಗುವುದು ಕಷ್ಟ, ಮಕ್ಕಳಿಗೆ ಅಲ್ಲಿ ಪಾಠ, ಪರೀಕ್ಷೆ. ಇಷ್ಟರ ನಡುವೆ ತಾರೀಖು ಗೊತ್ತು ಮಾಡೋದು ಸುಲಭ ಅಲ್ಲ ನಿಜ. ಆದರೆ ಲೆಕ್ಕಕ್ಕೆ ಹಿಡಿಯಲೇಬೇಕಾದ ಮತ್ತೊಂದು ಸಂಗತಿ ಇದೆ.

ದರಗು ಗುಡಿಸುವ ಸೇವೆ ಬೇಡ

ಕ್ಯಾಸನೂರು ಕಾಡಿನ ಕಾಯಿಲೆ, ಅಂದರೆ ಕೆಎಫ್‌ಡಿ, ಮೊದಲು ಪತ್ತೆಯಾಗಿದ್ದು ನಮ್ಮ ಜಿಲ್ಲೆಯಲ್ಲೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದಾಗ ವೈರಸ್ ಗುರುತಿಸಲಾಯಿತು. ಆರು ದಶಕ ಕಳೆದ ಮೇಲೂ ಅದು ಹೋಗಿಲ್ಲ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದು ಎಷ್ಟು ಜೀವ ತೆಗೆಯಿತು ಅನ್ನೋದು ಈ ಕಡೆಯ ಯಾರಿಗೂ ಮರೆತಿಲ್ಲ.

ಕಾಯಿಲೆ ಹರಡೋದು ಉಣುಗಿನಿಂದ. ಸೋಂಕಿತ ಉಣುಗು ಕಚ್ಚಿದರೆ ಮನುಷ್ಯನಿಗೆ ಬರುತ್ತೆ, ಒಬ್ಬ ಮನುಷ್ಯನಿಂದ ಇನ್ನೊಬ್ಬನಿಗೆ ಬರೋಲ್ಲ. ಮಳೆ ಮುಗಿದ ಮೇಲೆ ಮರಿ ಉಣುಗುಗಳು ನೆಲದ ಒಣ ಎಲೆಯಲ್ಲಿ ತುಂಬಿಕೊಳ್ಳುತ್ತವೆ. ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣವು. ಡಿಸೆಂಬರ್‌ನಿಂದ ಮೇವರೆಗೆ ಹಾವಳಿ, ಜನವರಿಯಿಂದ ಮಾರ್ಚ್ ಅಂತೂ ಜೋರು.

ಇದೇ ಹೊತ್ತಿಗೆ ಹೊರಗಿನಿಂದ ಬಂದ ಐವತ್ತು ಜನಕ್ಕೆ ‘ದೇವಸ್ಥಾನದ ಹಿಂದಿನ ಕಾನು ಸ್ವಚ್ಛ ಮಾಡಿ, ದರಗು ಗುಡಿಸಿ’ ಅಂತ ಕೆಲಸ ಕೊಟ್ಟರೆ ಏನಾಗುತ್ತೆ? ಊರವರಿಗೆ ಎಲ್ಲಿ ಹೋಗಬಾರದು, ಮನೆಗೆ ಬಂದು ಬಿಸಿನೀರು ಸ್ನಾನ ಯಾಕೆ ಮಾಡಬೇಕು ಅಂತ ಅಭ್ಯಾಸದಿಂದ ಗೊತ್ತು. ದಾವಣಗೆರೆ, ಬೆಂಗಳೂರಿನಿಂದ ಬಂದ ಹುಡುಗರಿಗೆ ಉಣುಗು ಅನ್ನೋ ಪದವೇ ಹೊಸದು. ಅವರು ಚಪ್ಪಲಿ ಹಾಕಿಕೊಂಡು ಬರುತ್ತಾರೆ, ಸುಸ್ತಾದರೆ ಎಲೆ ರಾಶಿ ಮೇಲೆ ಕೂತುಬಿಡುತ್ತಾರೆ.

ಹಾಗಾಗಿ ಶಿಬಿರದ ಜಾಗ ನಿಗದಿ ಮಾಡುವ ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ವಿಚಾರಿಸಬೇಕು. ಆ ಊರಿನಲ್ಲಿ ಈ ವರ್ಷ ಮಂಗ ಸತ್ತಿದೆಯಾ, ಜ್ವರದ ಪ್ರಕರಣ ಇದೆಯಾ ಅಂತ ಆಶಾ ಕಾರ್ಯಕರ್ತೆಯರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಇದ್ದರೆ ಬೇರೆ ಊರು ನೋಡಿಕೊಳ್ಳೋದೇ ಸರಿ. ಇಲ್ಲದಿದ್ದರೂ ಕಾಡಂಚಿಗೆ ಹೋಗುವವರು ಮೈತುಂಬ ಬಟ್ಟೆ, ಸಾಕ್ಸ್, ಶೂ ಹಾಕಬೇಕು. ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಕೈಕಾಲಿಗೆ ಹಚ್ಚಬೇಕು. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಸೋಪು ಹಚ್ಚಿ ಸ್ನಾನ. ಸತ್ತ ಮಂಗ ಕಂಡರೆ ಹತ್ತಿರ ಹೋಗೋದು, ಮೊಬೈಲಲ್ಲಿ ಫೋಟೊ ತೆಗೆಯೋದು ಬೇಡ, ಆರೋಗ್ಯ ಕೇಂದ್ರಕ್ಕೋ ಪಂಚಾಯ್ತಿಗೋ ಫೋನ್ ಮಾಡಿದರೆ ಸಾಕು. ಹಿಂದೆ ಕೊಡುತ್ತಿದ್ದ ಲಸಿಕೆ ಪರಿಣಾಮಕಾರಿ ಅಲ್ಲ ಅಂತ ನಿಲ್ಲಿಸಿಯಾಗಿದೆ, ಅದನ್ನು ನಂಬಿ ಬರುವ ಹಾಗಿಲ್ಲ.

ಹೆಚ್ಚಿನ ಕಾಲೇಜುಗಳು ಗಮನಿಸದ ಸಂಗತಿ ಇನ್ನೊಂದಿದೆ. ಉಣುಗು ಕಚ್ಚಿ ಸಾಮಾನ್ಯವಾಗಿ 3ರಿಂದ 8 ದಿನಕ್ಕೆ ಜ್ವರ ಬರುತ್ತೆ. ಶಿಬಿರ ಏಳು ದಿನ. ಅಂದರೆ ಜ್ವರ ಬರುವ ಹೊತ್ತಿಗೆ ಹುಡುಗ ತನ್ನ ಊರಲ್ಲಿ, ಮನೆಯಲ್ಲಿ ಇರುತ್ತಾನೆ. ಏಕಾಏಕಿ ಜೋರು ಜ್ವರ, ತಲೆ ಸಿಡಿತ, ಮೈಕೈ ನೋವು. ಅಲ್ಲಿನ ಡಾಕ್ಟರು ವೈರಲ್ ಜ್ವರ ಅಂತ ಮಾತ್ರೆ ಕೊಟ್ಟು ಕಳಿಸಬಹುದು. ‘ಹೊಸನಗರದ ಕಾಡಿನ ಕಡೆ ಶಿಬಿರಕ್ಕೆ ಹೋಗಿದ್ದೆ’ ಅಂತ ಒಂದು ಮಾತು ಹೇಳಿದರೆ ರಕ್ತ ಪರೀಕ್ಷೆ ಬೇಗ ಆಗುತ್ತೆ. ಸಮಾರೋಪದ ದಿನ ಪ್ರಮಾಣಪತ್ರದ ಜೊತೆ ಇದನ್ನೂ ಚೀಟಿಯಲ್ಲಿ ಬರೆದು ಕೊಟ್ಟರೆ, ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೂ ಹಾಕಿದರೆ ಖರ್ಚೇನೂ ಇಲ್ಲ.

ನೋಡುವ ದಿನ

ಕೆಲಸದ ನಡುವೆ ಒಂದೆರಡು ದಿನ ಊರು ಸುತ್ತೋದು ಇರಲೇಬೇಕು. ಮಾಸ್ತಿಕಟ್ಟೆಯಿಂದ ಆಯ್ಕೆಗೆ ಕಷ್ಟ ಇಲ್ಲ. ಕೆಳದಿ ಅರಸರ ಕೊನೆಯ ರಾಜಧಾನಿ ಬಿದನೂರು, ಅಂದರೆ ಇವತ್ತಿನ ನಗರ, ಹತ್ತಿರದಲ್ಲೇ ಇದೆ. 1763ರಲ್ಲಿ ಹೈದರ್ ಅಲಿ ಗೆದ್ದುಕೊಂಡು ಹೈದರ್‌ನಗರ ಅಂತ ಹೆಸರಿಟ್ಟ. ಕೋಟೆ, ದೇವಗಂಗೆಯ ಕೊಳಗಳು, ತೀರ್ಥಹಳ್ಳಿ ಕಡೆಗೆ ಹೋದರೆ ಕವಲೇದುರ್ಗ. ಇನ್ನೊಂದು ಕಡೆಗೆ ಹೊರಟರೆ ಹುಂಚದ ಬಸದಿಗಳು, ಅಲ್ಲಿನ ಪಂಚಕೂಟ ಬಸದಿ 1077ರದ್ದು. ಶಿವಪ್ಪ ನಾಯಕನ ಕಂದಾಯ ಪದ್ಧತಿ ‘ಶಿಸ್ತು’ ಅಂತ ಪ್ರಸಿದ್ಧ. ಅರ್ಥಶಾಸ್ತ್ರ ಓದುವವರಿಗೆ ಅದೊಂದನ್ನೇ ವಿವರಿಸಿದರೂ ದಿನ ಸಾರ್ಥಕ. ಕೋಟೆ ಗೋಡೆಯ ಗಿಡ ಕಿತ್ತು ಸೇವೆ ಮಾಡುವ ಉತ್ಸಾಹ ಇದ್ದರೆ ಮೊದಲು ಪುರಾತತ್ವ ಇಲಾಖೆಯನ್ನು ಕೇಳಬೇಕು. ಬೇರು ಎಳೆದಾಗ ಕಲ್ಲೂ ಜೊತೆಗೆ ಬರುತ್ತೆ.

ಎದುರಿಗೇ ಇದ್ದರೂ ಟೂರಿನ ಪಟ್ಟಿಯಲ್ಲಿ ಬಾರದ ಚರಿತ್ರೆ ಮುಳುಗಡೆಯದು. 1964ರ ಹೊತ್ತಿಗೆ ಲಿಂಗನಮಕ್ಕಿ, ಆಮೇಲೆ ಮಾಣಿ, ಚಕ್ರಾ, ಸಾವೇಹಕ್ಲು. ಮಾಣಿಯ ನೀರು ಘಟ್ಟದ ಬುಡದ ಹೊಸಂಗಡಿಯ ಭೂಗರ್ಭ ವಿದ್ಯುದಾಗಾರಕ್ಕೆ ಇಳಿದು 460 ಮೆಗಾವ್ಯಾಟ್ ಸಾಮರ್ಥ್ಯದ ಯಂತ್ರಗಳನ್ನು ತಿರುಗಿಸುತ್ತೆ. ಆ ನೀರಿನಡಿ ಹೋದ ಮನೆ, ಗದ್ದೆಯ ಹೆಸರು ಹೇಳಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವರನ್ನು ಕೂರಿಸಿ, ಒಪ್ಪಿಗೆ ಪಡೆದು, ಮೊಬೈಲಿನಲ್ಲಿ ಮಾತು ದಾಖಲಿಸಿ ಒಂದು ಪ್ರತಿ ಊರಿನ ಲೈಬ್ರರಿಗೆ ಕೊಡೋದು ಗೋಡೆ ಬಣ್ಣಕ್ಕಿಂತ ಹೆಚ್ಚು ಕಾಲ ಉಳಿಯುವ ಸೇವೆ. ಉಣುಗಿನ ಭಯವೂ ಇಲ್ಲ, ಜಗಲಿಯಲ್ಲೇ ಆಗುವ ಕೆಲಸ.

ಸಾಹಸಕ್ಕೆ ಅನುಮತಿ ಬೇಕು

ನೆಟ್‌ನಲ್ಲಿ ಹುಡುಕಿದರೆ ಕುಂಚಿಕಲ್ ಜಲಪಾತ, 455 ಮೀಟರ್, ದೇಶದಲ್ಲೇ ಎತ್ತರದ್ದು ಅಂತ ಬರುತ್ತೆ. ಅದನ್ನು ನಂಬಿ ಜನವರಿಯಲ್ಲಿ ಬಂದವರಿಗೆ ಕಾಣೋದು ಬಂಡೆ. ವಾರಾಹಿಯ ನೀರು ಮಾಣಿಯಲ್ಲೇ ನಿಲ್ಲುವುದರಿಂದ ಜಲಪಾತ ಇರೋದು ಮಳೆಗಾಲದಲ್ಲಿ ಮಾತ್ರ. ಅದೂ ಯೋಜನಾ ಪ್ರದೇಶ, ಕೇಳದೆ ಒಳಗೆ ಹೋಗೋ ಹಾಗಿಲ್ಲ. 1,343 ಮೀಟರ್ ಎತ್ತರದ ಕೊಡಚಾದ್ರಿ ಮೂಕಾಂಬಿಕಾ ವನ್ಯಜೀವಿಧಾಮದ ವ್ಯಾಪ್ತಿಯಲ್ಲಿದೆ. ಚಾರಣಕ್ಕೆ ಮುಂಚೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಂಡೇ ಬಸ್ ಬುಕ್ ಮಾಡೋದು ಒಳ್ಳೆಯದು. ಬೇಸಿಗೆಯಲ್ಲಿ ಕಾಡಿನ ಹತ್ತಿರ ಶಿಬಿರಾಗ್ನಿ ಅಂತೂ ಬೇಡವೇ ಬೇಡ.

ನೀರಿನ ವಿಷಯದಲ್ಲಿ ಇನ್ನೂ ಬಿಗಿ ಬೇಕು. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆಂದು ಮುರುಡೇಶ್ವರಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದಲ್ಲಿ ಮುಳುಗಿ ತೀರಿಕೊಂಡರು. ಹಿನ್ನೀರು ಸಮುದ್ರದ ಹಾಗೆ ಅಲೆ ಎಬ್ಬಿಸೋಲ್ಲ, ಅದಕ್ಕೇ ಮೋಸ. ಮೊಣಕಾಲಿನ ನೀರು ಒಂದೇ ಹೆಜ್ಜೆಗೆ ಆಳವಾಗಬಹುದು, ಅಡಿಯಲ್ಲಿ ಹಳೆಯ ಮರದ ಬೊಡ್ಡೆ ಇರಬಹುದು. ನೀರಿನ ಸಾಹಸವೇ ಬೇಕು ಅನ್ನುವವರಿಗೆ ಸಾಗರ ತಾಲ್ಲೂಕಿನ ಹೊನ್ನೆಮರಡು ಇದೆ. ಶರಾವತಿ ಹಿನ್ನೀರಿನಲ್ಲಿ ಲೈಫ್ ಜಾಕೆಟ್ ತೊಡಿಸಿ, ತಿಳಿದವರ ಕಣ್ಣೆದುರು ದೋಣಿ ಹುಟ್ಟು ಹಾಕಲು ಕಲಿಸುತ್ತಾರೆ.

ಊರವರು ಮೊದಲೇ ಕೇಳಬೇಕಾದ್ದು

ಶಿಬಿರಕ್ಕೆ ಬರುತ್ತೇವೆ ಅಂತ ಕಾಲೇಜಿನವರು ಬಂದಾಗ ಅತಿಥಿಗಳು ಅಂತ ಊರವರು ಎಲ್ಲಕ್ಕೂ ಹೂಂ ಅಂದುಬಿಡುತ್ತಾರೆ. ಅಕ್ಕಿ, ತೆಂಗಿನಕಾಯಿ, ಬಾಳೆಗೊನೆ ಮನೆಮನೆಯಿಂದ ಬರುತ್ತೆ. ಅದು ಇಲ್ಲಿನ ಪದ್ಧತಿ, ಇರಲಿ. ಆದರೆ ಐವತ್ತು ಜನಕ್ಕೆ ವಾರ ಪೂರ್ತಿ ಸ್ನಾನಕ್ಕೆ, ಅಡುಗೆಗೆ ನೀರು ಎಲ್ಲಿಂದ? ಮಾರ್ಚ್‌ನಲ್ಲಿ ಶಾಲೆಯ ಬಾವಿ ತಳ ಕಂಡಿದ್ದರೆ ಟ್ಯಾಂಕರ್ ದುಡ್ಡು ಯಾರದ್ದು? ಹೆಣ್ಣುಮಕ್ಕಳಿಗೆ ಶೌಚಾಲಯ ಎಷ್ಟಿದೆ? ಪ್ಲಾಸ್ಟಿಕ್ ತಟ್ಟೆ, ಬಾಟಲಿ ವಾಪಸ್ ಒಯ್ಯುತ್ತಾರಾ? ಎಸ್‌ಡಿಎಂಸಿ, ಪಿಡಿಒ, ಶಿಬಿರಾಧಿಕಾರಿ ಮೂರೂ ಜನ ಕೂತು ಇದನ್ನು ಹಾಳೆಯ ಮೇಲೆ ಬರೆದಿಟ್ಟುಕೊಂಡರೆ ಆಮೇಲೆ ಮುಖ ಕೆಡೋಲ್ಲ.

ಕೆಲಸವನ್ನೂ ಊರೇ ಹೇಳಲಿ. ಎರಡು ವಾರ ಮುಂಚೆ ಒಂದಿಬ್ಬರು ಸ್ವಯಂಸೇವಕರು ಬಂದು ಜಾಗ ನೋಡಿ ಹೋದರೆ ಹಾರೆ, ಪಿಕಾಸಿ, ಬುಟ್ಟಿ ಎಷ್ಟು ಬೇಕು ಅಂತ ಗೊತ್ತಾಗುತ್ತೆ. ಮೂವತ್ತು ಜನಕ್ಕೆ ಆರು ಹಾರೆ ಇಟ್ಟುಕೊಂಡು ಉಳಿದವರು ಸೆಲ್ಫಿ ತೆಗೆಯುತ್ತಾ ನಿಲ್ಲೋದು ತಪ್ಪುತ್ತೆ. ಕಟ್ಟ ಹಾಕೋದಾದರೆ ಅದು ಯಾರ ಜಾಗದಲ್ಲಿ, ಮಳೆಗಾಲದ ಮೊದಲು ಬಿಚ್ಚುವವರು ಯಾರು ಅನ್ನೋದೂ ಅದೇ ಹಾಳೆಯಲ್ಲಿ ಇರಬೇಕು. ಬಿಚ್ಚದೆ ಬಿಟ್ಟರೆ ಜೂನ್‌ನ ಮೊದಲ ದೊಡ್ಡ ಮಳೆಗೆ ಹಳ್ಳ ಪಕ್ಕದ ತೋಟಕ್ಕೆ ನುಗ್ಗುತ್ತೆ. ಆಗ ಊರಲ್ಲಿ ಶಿಬಿರದವರು ಇರೋಲ್ಲ.