ಉರುಳಿಯ ಕಸದ ಗುಡ್ಡವೂ ಸರಕಾರದ ಅನುದಾನವೂ

ಪುಣೆಯ ಕೋಥ್ರೂಡ್ ಭಾಗದಲ್ಲಿ ವಾಸಿಸುವ ನಮ್ಮ ವಾಚಕರಿಗೆ ವನಾಜ್ ಮೆಟ್ರೋ ನಿಲ್ದಾಣ ಪರಿಚಿತವಾದುದೇ. ೨೦೨೨ರ ಮಾರ್ಚ್ ೬ರಂದು ನಗರದ ಮೊದಲ ಮೆಟ್ರೋ ರೈಲುಗಳು ಓಡಿದ ಮಾರ್ಗಗಳಲ್ಲೊಂದು ಆರಂಭವಾಗುವುದು ಇಲ್ಲಿಂದಲೇ. ಆ ನಿಲ್ದಾಣದ ಬಳಿ ರೈಲುಗಳನ್ನು ನಿಲ್ಲಿಸಿ ದುರಸ್ತಿಗೊಳಿಸುವ ವಿಶಾಲವಾದ ಡಿಪೋ ಒಂದುಂಟು. ಹಿಂದೆ ಅದೇ ನೆಲ ಊರಿಗೆಲ್ಲ ಕೋಥ್ರೂಡದ ಕಚರಾ ಡಿಪೋ ಎಂದು ಪ್ರಸಿದ್ಧವಾಗಿತ್ತೆಂಬುದನ್ನು ಹಿರಿಯರು ಬಲ್ಲರು. ಮೂಗು ಮುಚ್ಚಿಕೊಂಡು ಹಾದುಹೋಗಬೇಕಾಗಿದ್ದ ಸ್ಥಳ ಇಂದು ನಗರಕ್ಕೆ ಉಪಯುಕ್ತವಾಗಿದೆ. ಕೆಟ್ಟ ನೆಲವನ್ನೂ ಮರಳಿ ಬಾಳಿಗೆ ತರಬಹುದೆಂಬುದಕ್ಕೆ ಇದಕ್ಕಿಂತ ಸಮೀಪದ ನಿದರ್ಶನ ಬೇಕಾಗಿಲ್ಲ.

ಆದರೆ ಕೋಥ್ರೂಡದಿಂದ ತೊಲಗಿದ ಕಸ ಎಲ್ಲಿಗೆ ಹೋಯಿತೆಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳದೆ ಇರಲಾಗದು. ಅದು ನಗರದ ಇನ್ನೊಂದು ತುದಿಗೆ, ಸಾಸವಡದ ದಾರಿಯಲ್ಲಿರುವ ಉರುಳಿ ದೇವಾಚಿ ಮತ್ತು ಫುರಸುಂಗಿ ಎಂಬ ಹಳ್ಳಿಗಳ ಸೆರಗಿಗೆ ಹೋಯಿತು. ಆಷಾಢಿ ವಾರಿಯಲ್ಲಿ ಜ್ಞಾನೇಶ್ವರ ಮಹಾರಾಜರ ಪಾಲಖಿ ದಿವೆ ಘಾಟಿನತ್ತ ಸಾಗುವುದು ಈ ದಾರಿಯಲ್ಲಿಯೇ. ಪಂಢರಪುರದ ವಿಠ್ಠಲನನ್ನು ತಮ್ಮವನೆಂದೇ ನಂಬಿರುವ ಕನ್ನಡಿಗರಿಗೂ ಇದು ಅಪರಿಚಿತವಾದ ನೆಲವಲ್ಲ. ಅಲ್ಲಿ ಸುಮಾರು ೧೬೩ ಎಕರೆ ವಿಸ್ತೀರ್ಣದಲ್ಲಿ ದಶಕಗಟ್ಟಲೆ ಪುಣೆಯ ಕಸ ಸುರಿಯಲ್ಪಟ್ಟಿತು. ಮಳೆಗಾಲದಲ್ಲಿ ರಾಶಿಯಿಂದ ಸೋರುವ ಕಪ್ಪು ನೀರು ನೆಲಕ್ಕಿಳಿದು ಬಾವಿಗಳನ್ನು ಕೆಡಿಸಿತು. ತಮ್ಮದೇ ಬಾವಿಯ ನೀರನ್ನು ಕುಡಿಯಲಾರದ ರೈತರು ಟ್ಯಾಂಕರಿನ ದಾರಿ ಕಾಯುವಂತಾಯಿತು. ೨೦೧೪ರಲ್ಲಿ ಗ್ರಾಮಸ್ಥರು ಕಸದ ಲಾರಿಗಳನ್ನು ತಡೆದರು. ೨೦೧೭ರ ಏಪ್ರಿಲಿನಲ್ಲಿ ಗುಡ್ಡಕ್ಕೆ ಬೆಂಕಿ ಹತ್ತಿದಾಗ ಮತ್ತೆ ತಡೆದರು. ಮೂರು ವಾರಗಳಿಗೂ ಮಿಕ್ಕಿ ನಡೆದ ಆ ಪ್ರತಿಭಟನೆಯ ಕಾಲದಲ್ಲಿ ಪುಣೆಯ ಬೀದಿಗಳಲ್ಲಿಯೇ ಕಸ ಕೊಳೆಯತೊಡಗಿತು. ಉರುಳಿಯವರು ವರ್ಷಗಟ್ಟಲೆ ಅನುಭವಿಸಿದ ದುರ್ಗಂಧವನ್ನು ನಗರವಾಸಿಗಳು ಕೆಲವು ದಿನ ಅನುಭವಿಸಿದರು, ಅಷ್ಟೆ.

ಇಂತಹ ಗುಡ್ಡವನ್ನು ಕರಗಿಸುವ ವಿಧಾನ ಈಗ ಉಂಟು. ಹಳೆಯ ರಾಶಿಯನ್ನು ಅಗೆದು, ಉದ್ದುದ್ದನೆಯ ದಿಬ್ಬಗಳನ್ನಾಗಿ ಮಾಡಿ, ಕೊಳೆಯಿಸುವ ಸೂಕ್ಷ್ಮಜೀವಿಗಳ ದ್ರಾವಣವನ್ನು ಸಿಂಪಡಿಸಿ, ಕೆಲವು ವಾರ ಮೇಲೆಕೆಳಗೆ ಮಾಡುತ್ತಾರೆ. ತೇವವಾರಿದ ಮೇಲೆ ದೊಡ್ಡ ತಿರುಗುವ ಜರಡಿಗಳಲ್ಲಿ ಸೋಸುತ್ತಾರೆ. ಕಲ್ಲು, ಇಟ್ಟಿಗೆಯ ಚೂರು ತಗ್ಗು ತುಂಬಲು ಸಲ್ಲುತ್ತವೆ. ಪ್ಲಾಸ್ಟಿಕ್, ಬಟ್ಟೆಗಳಂತಹ ಉರಿಯುವ ವಸ್ತುಗಳು ಸಿಮೆಂಟ್ ಕಾರಖಾನೆಗಳ ಕುಲುಮೆಗೆ ಹೋಗುತ್ತವೆ. ಮಣ್ಣಿನಂತಹ ಪುಡಿ ಉಳಿಯುತ್ತದೆ. ಈ ಪುಡಿಯಲ್ಲಿ ಸೀಸ ಮೊದಲಾದ ಲೋಹಗಳಿರುವ ಸಂಭವವುಂಟಾದುದರಿಂದ ಪರೀಕ್ಷಿಸದೆ ಹೊಲಕ್ಕೆ ಹಾಕುವುದು ತರವಲ್ಲ. ಹೊಸ ಕಸ ಬೀಳುವುದು ನಿಲ್ಲದಿದ್ದರಂತೂ ಈ ಶ್ರಮವೆಲ್ಲ ತಳವಿಲ್ಲದ ಕೊಡಕ್ಕೆ ನೀರು ಹೊಯ್ದಂತೆಯೇ ಸರಿ.

ಈ ಕಾರ್ಯಕ್ಕೆ ಹಣ ಬೇಕು. ಅದು ಸಾರ್ವಜನಿಕರ ಹಣ. ೨೦೨೧ರ ಅಕ್ಟೋಬರಿನಲ್ಲಿ ಆರಂಭವಾದ ಸ್ವಚ್ಛ ಭಾರತ ಅಭಿಯಾನದ ಎರಡನೆಯ ಹಂತದಲ್ಲಿ ಹಳೆಯ ಕಸದ ನೆಲಗಳ ಶುದ್ಧೀಕರಣಕ್ಕೆಂದೇ ಕೇಂದ್ರದ ಅನುದಾನ ಗೊತ್ತಾಯಿತು. ಹತ್ತು ಲಕ್ಷಕ್ಕೂ ಹೆಚ್ಚು ಜನರಿರುವ ನಗರಗಳಿಗೆ ಶೇಕಡಾ ೨೫, ಒಂದರಿಂದ ಹತ್ತು ಲಕ್ಷ ಜನರಿರುವ ಊರುಗಳಿಗೆ ಶೇಕಡಾ ೩೩, ಅದಕ್ಕೂ ಚಿಕ್ಕವಕ್ಕೆ ಶೇಕಡಾ ೫೦ ಎಂಬುದು ಸಾಮಾನ್ಯವಾದ ಪ್ರಮಾಣ. ಉಳಿದುದನ್ನು ರಾಜ್ಯ ಸರಕಾರ ಮತ್ತು ಸ್ಥಳೀಯ ಸಂಸ್ಥೆಗಳು ಹೊಂದಿಸಬೇಕು. ಈ ಏರ್ಪಾಡು ಸ್ವಾಗತಾರ್ಹವೆಂಬುದರಲ್ಲಿ ಸಂದೇಹವಿಲ್ಲ.

ಆದರೂ ಒಂದು ಮಾತು ವಿಚಾರಾರ್ಹವಾಗಿದೆ. ಅಮೆರಿಕದಲ್ಲಿ ನಯಾಗರಾ ಬಳಿಯ ಲವ್ ಕೆನಾಲ್ ಎಂಬ ಬಡಾವಣೆಯಡಿಯಲ್ಲಿ ಹೂತಿದ್ದ ವಿಷ ೧೯೭೮ರಲ್ಲಿ ದೇಶದ ಕಣ್ಣು ತೆರೆಸಿತು. ಮುಂದೆ ೧೯೮೦ರಲ್ಲಿ ಮಾಲಿನ್ಯಕಾರರಿಂದಲೇ ವೆಚ್ಚ ವಸೂಲು ಮಾಡುವ ಕಾನೂನು ಬಂದಿತು. ೨೦೦೨ರ ಇನ್ನೊಂದು ಕಾನೂನು ಪಾಳುಬಿದ್ದ ಕಲುಷಿತ ನೆಲಗಳಿಗೆ ಅನುದಾನವನ್ನು ಏರ್ಪಡಿಸಿತಾದರೂ, ನೆಲವನ್ನು ಕೆಡಿಸಿದ ಹೊಣೆಯುಳ್ಳವರು ಅದೇ ನೆಲಕ್ಕಾಗಿ ಆ ಹಣವನ್ನು ಬಳಸುವಂತಿಲ್ಲ. ನಮ್ಮಲ್ಲಿಯೂ ಕೆಡಿಸಿದವನೇ ತೆರಬೇಕೆಂಬ ತತ್ತ್ವವನ್ನು ಸುಪ್ರೀಂ ಕೋರ್ಟು ೧೯೯೬ರಲ್ಲಿಯೇ ಎತ್ತಿಹಿಡಿದಿದೆ. ೨೦೨೫ರಲ್ಲಿ ಕಲುಷಿತ ಸ್ಥಳಗಳಿಗಾಗಿ ಕೇಂದ್ರ ಸರಕಾರ ಪ್ರತ್ಯೇಕ ನಿಯಮಗಳನ್ನೂ ಹೊರಡಿಸಿತು. ಆದರೆ ಕಸದ ಗುಡ್ಡಗಳನ್ನೂ ಗಣಿಗಳ ಮಾಲಿನ್ಯವನ್ನೂ ಬೇರೆ ಕಾನೂನುಗಳಿಗೆ ಸೇರಿದವೆಂದು ಆ ನಿಯಮಗಳು ಸಾಮಾನ್ಯವಾಗಿ ಹೊರಗಿಟ್ಟಿವೆ. ೨೦೦೧ರಲ್ಲಿ ಮುಚ್ಚಿದ ನಮ್ಮ ಕೋಲಾರದ ಚಿನ್ನದ ಗಣಿಗಳ ಸಯನೈಡ್ ದಿಬ್ಬಗಳನ್ನು ಕಂಡವರಿಗೆ ಈ ಮಾತಿನ ತೂಕ ತಿಳಿದೀತು.

ಉರುಳಿಯಲ್ಲಿ ನೆಲವನ್ನು ಕೆಡಿಸಿದವರು ಯಾರು? ಒಂದು ಕಾರಖಾನೆಯಲ್ಲ, ಇಡೀ ನಗರ. ಅದರಲ್ಲಿ ನಾವೂ ಇದ್ದೇವೆ. ಹೊಟ್ಟೆಪಾಡಿಗಾಗಿ ಕಲಬುರ್ಗಿ, ವಿಜಯಪುರಗಳಿಂದ ಬಂದವರೂ, ಕಚೇರಿಗಳಲ್ಲಿ ದುಡಿಯುವವರೂ, ಹೋಟೆಲು ನಡೆಸುವವರೂ ಈ ಗುಡ್ಡಕ್ಕೆ ತಮ್ಮ ಪಾಲಿನ ಬುಟ್ಟಿಯನ್ನು ಸುರಿದವರೇ. ಆದುದರಿಂದ ಮಹಾನಗರಪಾಲಿಕೆಗೆ ದೊರೆಯುವ ಅನುದಾನವನ್ನು ನಗರದ ಲಾಭವೆಂದು ಎಣಿಸುವುದು ಸಲ್ಲದು. ಅದು ಹಳ್ಳಿಗೆ ತೀರಿಸಬೇಕಾದ ಸಾಲ.

ಸಾಲಗಾರನನ್ನು ಕೇಳುವ ಹಕ್ಕೂ ಆ ಹಳ್ಳಿಗಳಿಗೆ ಈಗ ತಗ್ಗಿದೆ. ೨೦೧೭ರಲ್ಲಿ ಇವೆರಡನ್ನೂ ಪುಣೆ ಮಹಾನಗರಪಾಲಿಕೆಗೆ ಸೇರಿಸಲಾಯಿತು. ೨೦೨೪ರಲ್ಲಿ ಬೇರ್ಪಡಿಸಿ ಪ್ರತ್ಯೇಕ ನಗರ ಪರಿಷತ್ತನ್ನಾಗಿ ಮಾಡಲಾಯಿತು. ಡಿಪೋ ಪಾಲಿಕೆಯದು, ಪಕ್ಕದಲ್ಲಿ ಬಾಳುವವರು ಪಾಲಿಕೆಯ ಮತದಾರರಲ್ಲ. ನಾಳೆ ಆ ೧೬೩ ಎಕರೆ ಬಯಲಾದಾಗ, ಬೆಲೆ ಬಂದ ಆ ನೆಲದಲ್ಲಿ ಏನಾಗಬೇಕೆಂದು ನಿಶ್ಚಯಿಸುವವರು ಯಾರು?

ನಮ್ಮ ಅಭಿಪ್ರಾಯದಲ್ಲಿ ಅನುದಾನದೊಂದಿಗೆ ಮೂರು ಕರಾರುಗಳಿರತಕ್ಕದ್ದು. ಬಯಲಾದ ಎಕರೆಗಳನ್ನಷ್ಟೇ ಎಣಿಸದೆ, ಸುತ್ತಲಿನ ಬಾವಿಗಳ ನೀರನ್ನು ವರ್ಷವರ್ಷವೂ ಪರೀಕ್ಷಿಸಿ ಪ್ರಕಟಿಸಬೇಕು. ನೆಲದ ಮುಂದಿನ ಉಪಯೋಗವನ್ನು ಆ ಎರಡು ಊರುಗಳ ಸಮ್ಮತಿಯಿಂದ ನಿರ್ಣಯಿಸಬೇಕು. ಅದರಿಂದ ಬರುವ ಆದಾಯದಲ್ಲಿ ಮೊದಲ ಪಾಲು ಅಲ್ಲಿನ ಕುಡಿಯುವ ನೀರಿಗೂ ಆರೋಗ್ಯಕ್ಕೂ ಮೀಸಲಾಗಬೇಕು.

ಬೆಂಗಳೂರಿನ ಕಸವನ್ನು ಹೊತ್ತು ಬಳಲಿದ ಮಂಡೂರಿನವರು ಹೋರಾಡಿ ೨೦೧೪ರ ಕೊನೆಗೆ ಲಾರಿಗಳನ್ನು ನಿಲ್ಲಿಸಿದಾಗ ನಾವು ಇಲ್ಲಿ ಕುಳಿತು ಮರುಗಿದ್ದೆವು. ಉರುಳಿಯ ವಿಷಯದಲ್ಲಿ ಮರುಗಿದರೆ ಸಾಲದು. ಹಸಿ ಕಸವನ್ನೂ ಒಣ ಕಸವನ್ನೂ ಮನೆಯಲ್ಲಿಯೇ ಬೇರ್ಪಡಿಸಿ, ಬಾಗಿಲಿಗೆ ಬರುವ ‘ಸ್ವಚ್ಛ್’ ಸಹಕಾರಿ ಸಂಘದ ತಾಯಂದಿರ ಕೈಗೆ ಒಪ್ಪಿಸುವುದು ಸರಕಾರದ ಅನುದಾನಕ್ಕೆ ಕಾಯಬೇಕಾದ ಕೆಲಸವಲ್ಲ. ಸಾಲದ ಮೊದಲ ಕಂತು ನಮ್ಮ ಅಡುಗೆಮನೆಯಿಂದಲೇ ಸಲ್ಲಲಿ.