ನೀರು ಕಂಡ ಮೇಲಿನ ಅಳತೆ: ಜಪಾನಿನ ಕಚ್ಚಾ ಡೆನಿಮ್ ಮತ್ತು ಮೈಗೊಪ್ಪುವ ಜೀನ್ಸ್

ಹೊಲಿಗೆ ಮುಗಿದ ಮೇಲೆ ಒಮ್ಮೆಯೂ ನೀರು ಕಾಣದೆ, ನೂಲಿಗೆ ಹಾಕಿದ ಗಂಜಿ ಹಾಗೆಯೇ ಉಳಿದು, ಗಾಢ ನೀಲಿ ಬಣ್ಣದಲ್ಲಿ ಮಾರಾಟಕ್ಕೆ ಬರುವ ಜೀನ್ಸ್ ಬಟ್ಟೆಯನ್ನು ಕಚ್ಚಾ ಡೆನಿಮ್ ಎನ್ನುತ್ತಾರೆ. ಬಳ್ಳಾರಿಯ ಜೀನ್ಸ್ ಉದ್ಯಮವನ್ನು ಬಲ್ಲ ಕನ್ನಡಿಗರಿಗೆ ಹೊಲಿಗೆ ಘಟಕಗಳ ಜೊತೆಗೆ ವಾಷಿಂಗ್ ಘಟಕಗಳೂ ಇರಲೇಬೇಕೆಂಬುದು ಗೊತ್ತಿದೆ. ಅಲ್ಲಿ ಒಗೆಸಿಕೊಂಡು ಹೊರಬರುವ ಪ್ಯಾಂಟು ಬಹುಮಟ್ಟಿಗೆ ಕುಗ್ಗಬೇಕಾದಷ್ಟು ಕುಗ್ಗಿಯೇ ಅಂಗಡಿ ಸೇರುವುದರಿಂದ, ಅಂಗಡಿಯಲ್ಲಿ ತೊಟ್ಟು ನೋಡಿದ ಅಳತೆಯೇ ಮುಂದೆಯೂ ಉಳಿಯುತ್ತದೆ. ಕಚ್ಚಾ ಡೆನಿಮ್‌ನಲ್ಲಿ ಈ ಕೊನೆಯ ಘಟ್ಟ ತೊಡುವವರ ಪಾಲಿಗೆ ಬರುತ್ತದೆ. ಹಾಗಾಗಿ ಅದರ ಸರಿಯಾದ ಅಳತೆಯನ್ನು ಲೇಬಲಿನ ಸಂಖ್ಯೆ ನಿರ್ಧರಿಸುವುದಿಲ್ಲ. ಬಟ್ಟೆಯ ಸ್ವಭಾವ, ಮೊದಲ ನೆನೆತ, ತೊಡುವವರ ಮೈಕಟ್ಟು ಈ ಮೂರೂ ಸೇರಿ ನಿರ್ಧರಿಸುತ್ತವೆ.

ಉಪ್ಪುನೆಲದ ಹತ್ತಿಯಿಂದ ಜೀನ್ಸ್‌ವರೆಗೆ

ಜಪಾನಿನಲ್ಲಿ ಈ ಕಸುಬಿನ ಮುಖ್ಯ ನೆಲೆ ಒಕಾಯಾಮಾ ಪ್ರಾಂತ್ಯದ ಕುರಾಶಿಕಿ ನಗರಕ್ಕೆ ಸೇರಿದ ಕೊಜಿಮಾ. ಸೆಟೊ ಒಳಸಮುದ್ರದ ಅಂಚಿನಲ್ಲಿ ನೀರನ್ನು ಹಿಮ್ಮೆಟ್ಟಿಸಿ ಪಡೆದ ಉಪ್ಪುನೆಲದಲ್ಲಿ ಭತ್ತ ಚೆನ್ನಾಗಿ ಬಾರದ ಕಾರಣ, ಎಡೊ ಕಾಲದ (1603–1868) ರೈತರು ಉಪ್ಪನ್ನು ತಾಳಿಕೊಳ್ಳುವ ಹತ್ತಿಯನ್ನು ನೆಚ್ಚಿಕೊಂಡರು. ಆ ಹತ್ತಿಯ ಬೆನ್ನಲ್ಲೇ ಹೆಣೆದ ಪಟ್ಟಿಗಳು, ಹಾಯಿಬಟ್ಟೆ, ತಾಬಿ ಎಂಬ ಕಾಲುಚೀಲ, ಇಪ್ಪತ್ತನೆಯ ಶತಮಾನದಲ್ಲಿ ಶಾಲಾ ಸಮವಸ್ತ್ರಗಳು ಹೀಗೆ ಒಂದೊಂದಾಗಿ ಬಂದು, ದಪ್ಪ ಬಟ್ಟೆಯನ್ನು ಹೊಲಿಯುವ ಪಳಗಿದ ಕೈಗಳು ಅಲ್ಲಿ ತಯಾರಾದವು. 1965ರಲ್ಲಿ ಮಾರುಒ ಎಂಬ ಉಡುಪು ಸಂಸ್ಥೆ ಅಮೆರಿಕದಿಂದ ಬಟ್ಟೆ ತರಿಸಿ ಅಲ್ಲಿ ಜೀನ್ಸ್ ಹೊಲಿಯತೊಡಗಿತು. ಮುಂದೆ ಬಿಗ್ ಜಾನ್ ಎಂದು ಹೆಸರಾದದ್ದು ಇದೇ ಸಂಸ್ಥೆ. 1973ರಲ್ಲಿ ಕುರಾಬೊ ಗಿರಣಿಯು ಕೆಡಿ-8 ಎಂಬ ಬಟ್ಟೆಯನ್ನು ನೇಯ್ದ ಮೇಲೆ ಜಪಾನಿಗೆ ತನ್ನದೇ ಡೆನಿಮ್ ದೊರೆಯಿತು.

1979ರಲ್ಲಿ ಆರಂಭವಾದ ಸ್ಟುಡಿಯೊ ಡಾರ್ಟಿಸಾನ್, ಅದರ ನಂತರ ಬಂದ ಫುಲ್‌ಕೌಂಟ್, ವೇರ್‌ಹೌಸ್ ಮೊದಲಾದ ಒಸಾಕಾದ ಸಂಸ್ಥೆಗಳು ಹಳೆಯ ಅಮೆರಿಕನ್ ಜೀನ್ಸ್‌ಗಳನ್ನು ಮಾದರಿಯಾಗಿ ಇಟ್ಟುಕೊಂಡು, ಅಂತಹ ಬಟ್ಟೆಯನ್ನು ಲಾಳಿ ಓಡುವ ಹಳೆಯ ಮಗ್ಗಗಳಲ್ಲಿ ಮತ್ತೆ ನೇಯಿಸಿದವು. ಈ ಮಗ್ಗದಲ್ಲಿ ಹೊಕ್ಕಿನ ನೂಲು ಅತ್ತಿಂದಿತ್ತ ತುಂಡಾಗದೆ ಓಡುವುದರಿಂದ ಬಟ್ಟೆಯ ಎರಡೂ ಬದಿಗೆ ಬಿಚ್ಚಿಕೊಳ್ಳದ ಅಂಚು ಮೂಡುತ್ತದೆ. ಇದಕ್ಕೆ ಸೆಲ್ವೆಜ್ ಎಂದು ಹೆಸರು. ಇಂತಹ ಬಟ್ಟೆಯ ಅಗಲ ಸುಮಾರು 30 ಇಂಚು ಮಾತ್ರ. ಅಂಚು ಕಾಣುವಂತೆ ಹೊಲಿಯಬೇಕಾದರೆ ಪ್ಯಾಂಟಿನ ಹೊರಬದಿಯ ಹೊಲಿಗೆ ನೇರವಾಗಿಯೇ ಇಳಿಯಬೇಕಾಗುತ್ತದೆ, ಕಾಲನ್ನು ಕಿರಿದಾಗಿಸುವ ಕತ್ತರಿ ಮುಖ್ಯವಾಗಿ ಒಳಬದಿಯಲ್ಲೇ ಆಡಬೇಕಾಗುತ್ತದೆ. ಮಗ್ಗದ ಅಗಲವೇ ಉಡುಪಿನ ಆಕಾರವನ್ನು ಹೀಗೆ ಸ್ವಲ್ಪಮಟ್ಟಿಗೆ ತೀರ್ಮಾನಿಸಿಬಿಡುತ್ತದೆ.

ಬಟ್ಟೆ ಏಕೆ ಕುಗ್ಗುತ್ತದೆ

ಡೆನಿಮ್‌ನಲ್ಲಿ ನೀಲಿ ಅದ್ದಿದ ಹಾಸು ಮತ್ತು ಬಣ್ಣ ಹಾಕದ ಹೊಕ್ಕು ಓರೆಸಾಲಾಗಿ ಹೆಣೆದುಕೊಂಡಿರುತ್ತವೆ. ಮಗ್ಗದ ಮೇಲೆ ಹಾಸಿನ ನೂಲನ್ನು ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ, ಆ ಬಿಗಿತ ಸಡಿಲವಾಗದಂತೆ ಗಂಜಿ ಹಿಡಿದಿಟ್ಟಿರುತ್ತದೆ. ನೀರು ತಾಕಿದಾಗ ಗಂಜಿ ಬಿಟ್ಟುಕೊಂಡು, ಹತ್ತಿಯ ಎಳೆಗಳು ಉಬ್ಬಿ, ಎಳೆಸಿಕೊಂಡಿದ್ದ ನೂಲು ತನ್ನ ಸಹಜ ಉದ್ದಕ್ಕೆ ಮರಳುತ್ತದೆ. ಹಾಸು ಪ್ಯಾಂಟಿನ ಉದ್ದಕ್ಕೆ ಸಾಗುವುದರಿಂದಲೇ ಕಾಲಿನ ಉದ್ದವು ಅಗಲಕ್ಕಿಂತ ಹೆಚ್ಚು ಕುಗ್ಗುತ್ತದೆ.

ಈ ತೊಂದರೆಗೆ ಅಮೆರಿಕದ ಸ್ಯಾನ್‌ಫರ್ಡ್ ಕ್ಲೂಯೆಟ್ 1930ರ ಹೊತ್ತಿಗೆ ಕಂಡುಕೊಂಡ ಪರಿಹಾರವೇ ಸ್ಯಾನ್‌ಫರೈಸೇಷನ್: ಬಟ್ಟೆಯನ್ನು ಹದವಾಗಿ ತೇವಗೊಳಿಸಿ, ದಪ್ಪ ರಬ್ಬರ್ ಪಟ್ಟಿಯ ಮೇಲೆ ಉದ್ದಕ್ಕೆ ಒತ್ತಿ ಮೊದಲೇ ಕುಗ್ಗಿಸಿ ಒಣಗಿಸುವ ವಿಧಾನ. ಹೀಗೆ ಸಂಸ್ಕರಿಸಿದ ಕಚ್ಚಾ ಡೆನಿಮ್ ಮನೆಯಲ್ಲಿ ನೆನೆದಾಗ ಸಾಮಾನ್ಯವಾಗಿ ಶೇಕಡಾ 1ರಿಂದ 3ರಷ್ಟು ಕುಗ್ಗಿದರೆ, ಸಂಸ್ಕರಿಸದ ಬಟ್ಟೆ ಶೇಕಡಾ 10ರವರೆಗೂ ಕುಗ್ಗಬಲ್ಲದು. ಒಳಗಾಲಿನ ಉದ್ದ 34 ಇಂಚು ಇರುವ ಪ್ಯಾಂಟು ಶೇಕಡಾ 8ರಷ್ಟು ಕುಗ್ಗಿದರೆ ಉಳಿಯುವುದು 31 ಇಂಚಿಗೆ ತುಸು ಹೆಚ್ಚು; ಕೊಂಡ ದಿನ ನೆಲಕ್ಕೆ ತಾಗುತ್ತಿದ್ದ ಕಾಲು ಮರುದಿನ ಹಿಮ್ಮಡಿಯ ಮೇಲೆ ನಿಲ್ಲುವುದು ಈ ಕಾರಣಕ್ಕೆ. ಇವೆರಡರ ನಡುವೆ ಒನ್‌ವಾಶ್ ಎಂಬ ಬಗೆಯೂ ಇದ್ದು, ತಯಾರಕರೇ ಒಮ್ಮೆ ನೆನೆಸಿ ಒಣಗಿಸಿ ಕೊಡುವ ಅದು ಮೊದಲ ಬಾರಿ ಕೊಳ್ಳುವವರಿಗೆ ಹೆಚ್ಚು ಭರವಸೆಯ ಆಯ್ಕೆ. ಆದ್ದರಿಂದ ಬೆಲೆ ಕೇಳುವ ಮೊದಲು ಕೇಳಬೇಕಾದ ಪ್ರಶ್ನೆ, ಬಟ್ಟೆ ಈ ಮೂರರಲ್ಲಿ ಯಾವುದು ಎಂಬುದು.

ಟೇಪು ಹಿಡಿಯುವ ಕ್ರಮ

ಲೇಬಲಿನ ಮೇಲೆ 32 ಎಂದು ಅಚ್ಚಾಗಿದ್ದರೆ ಸೊಂಟ 32 ಇಂಚು ಇರಲೇಬೇಕೆಂಬ ನಿಯಮವಿಲ್ಲ. ಕೆಲವು ತಯಾರಕರು ನೆನೆಸುವ ಮೊದಲಿನ ಅಳತೆಯನ್ನೂ ಕೆಲವರು ನೆನೆಸಿದ ನಂತರದ ಅಳತೆಯನ್ನೂ ಸೂಚಿಸುತ್ತಾರೆ. ಒಂದೇ ಸಂಸ್ಥೆಯ ಎರಡು ಮಾದರಿಗಳ ನಡುವೆಯೂ ವ್ಯತ್ಯಾಸವಿರುತ್ತದೆ. ಆದುದರಿಂದ ನಂಬಬೇಕಾದದ್ದು ಅಳತೆಪಟ್ಟಿಯನ್ನು, ಅದನ್ನು ಹೋಲಿಸಬೇಕಾದದ್ದು ಮೈಯ ಅಳತೆಯೊಂದಿಗಲ್ಲ, ಈಗಾಗಲೇ ಚೆನ್ನಾಗಿ ಒಪ್ಪುತ್ತಿರುವ ಹಳೆಯ ಪ್ಯಾಂಟಿನೊಂದಿಗೆ.

ಹಳೆಯ ಪ್ಯಾಂಟನ್ನು ಗುಂಡಿ ಹಾಕಿ ಸಮತಟ್ಟಾದ ಜಾಗದಲ್ಲಿ ಹಾಸಿ, ಸೊಂಟಪಟ್ಟಿಯ ಮುಂದಿನ ಮತ್ತು ಹಿಂದಿನ ಅಂಚುಗಳನ್ನು ಒಂದಕ್ಕೊಂದು ಸೇರಿಸಿ, ಒಂದು ತುದಿಯಿಂದ ಇನ್ನೊಂದಕ್ಕೆ ಬಂದ ಅಳತೆಯನ್ನು ಎರಡರಿಂದ ಗುಣಿಸಿದರೆ ಸೊಂಟ ಸಿಗುತ್ತದೆ. ತೊಡೆಸಂದಿನಲ್ಲಿ ಹೊಲಿಗೆಗಳು ಕೂಡುವ ಜಾಗದಿಂದ ಮೇಲಕ್ಕೆ ಸೊಂಟಪಟ್ಟಿಯವರೆಗಿನ ಮುಂಭಾಗದ ಉದ್ದ ಫ್ರಂಟ್ ರೈಸ್, ಹಿಂಭಾಗದ್ದು ಬ್ಯಾಕ್ ರೈಸ್. ಅದೇ ಜಾಗದಿಂದ ಅಡ್ಡಲಾಗಿ ಹೊರ ಹೊಲಿಗೆಗೆ ಟೇಪು ಹಿಡಿದರೆ ತೊಡೆಯ ಅಗಲ. ಕೆಲವರು ಇದನ್ನು ಒಂದಿಂಚು ಕೆಳಗೆ ಅಳೆಯುವುದರಿಂದ ಪಟ್ಟಿಯ ವಿಧಾನವನ್ನು ಮೊದಲೇ ತಿಳಿದಿರಬೇಕು. ಇವುಗಳಿಗೆ ಮೊಣಕಾಲು, ಬಾಟಮ್ ಮತ್ತು ಒಳಗಾಲಿನ ಉದ್ದ ಸೇರಿದರೆ ಲೆಕ್ಕ ಪೂರ್ತಿಯಾಗುತ್ತದೆ.

ಈ ಅಳತೆಗಳಿಗೆಲ್ಲ ಒಂದೇ ತೂಕವಿಲ್ಲ. ಸೊಂಟಪಟ್ಟಿ ನೆನೆದಾಗ ಕುಗ್ಗಿದರೂ ತೊಡುತ್ತಾ ಹೋದಂತೆ ಸುಮಾರು ಒಂದಿಂಚು ಮತ್ತೆ ಹಿಗ್ಗುತ್ತದೆ, ಆದ್ದರಿಂದ ಮೊದಲ ದಿನಗಳಲ್ಲಿ ಗುಂಡಿ ಹಾಕಲು ತುಸು ಪ್ರಯಾಸವಾದರೆ ಅದು ದೋಷವಲ್ಲ. ರೈಸ್ ಮಾತ್ರ ಹಾಗೆ ಸಡಿಲಗೊಳ್ಳುವುದಿಲ್ಲ, ಅದನ್ನು ಆಮೇಲೆ ತಿದ್ದುವ ದಾರಿಯೂ ಹೆಚ್ಚುಕಡಿಮೆ ಇಲ್ಲ. 1940, 50ರ ದಶಕಗಳ ಅಮೆರಿಕನ್ ಮಾದರಿಯನ್ನು ಅನುಸರಿಸುವ ಜೀನ್ಸ್ ಹೊಕ್ಕುಳಿನ ಸಮೀಪ ಕೂರುವಂತೆ ಕತ್ತರಿಸಿರುವುದರಿಂದ, ಸೊಂಟದ ಕೆಳಗೆ ತೊಟ್ಟು ರೂಢಿಯಾದವರು ಅದೇ ಸಂಖ್ಯೆಯನ್ನು ಆರಿಸಿದರೆ ಪೂರ್ತಿ ಬೇರೆಯೇ ಉಡುಪನ್ನು ಪಡೆಯುತ್ತಾರೆ. ಬಟ್ಟೆಯ ತೂಕವನ್ನೂ ಗಮನಿಸಬೇಕು. ಚದರ ಗಜಕ್ಕೆ ಇಷ್ಟು ಔನ್ಸ್ ಎಂದು ಎಣಿಸುವ ಈ ತೂಕದಲ್ಲಿ 14 ಔನ್ಸ್ ಎಂದರೆ ಚದರ ಮೀಟರಿಗೆ ಸುಮಾರು 475 ಗ್ರಾಂ. 21 ಔನ್ಸಿನ ಬಟ್ಟೆ ಬಿಗಿಯಾದ ತೊಡೆಯಲ್ಲಿ ಮಡಚಿಕೊಳ್ಳಲು ಒಪ್ಪದೆ ಕೂತೇಳುವುದನ್ನೇ ಕಷ್ಟವಾಗಿಸುತ್ತದೆ.

ಮೊದಲು ನೆನೆತ, ಆಮೇಲೆ ಕತ್ತರಿ

ಸಂಸ್ಕರಿಸದ ಪ್ಯಾಂಟನ್ನು ಒಳಮಗ್ಗುಲು ಹೊರಗೆ ಮಾಡಿ, ಗುಂಡಿ ಹಾಕಿ, ಬಿಸಿನೀರಿನಲ್ಲಿ ಮುಕ್ಕಾಲು ಗಂಟೆಯಷ್ಟು ಪೂರ್ತಿ ಮುಳುಗಿಸಿಟ್ಟು, ಹಿಂಡದೆ ನೆರಳಿನಲ್ಲಿ ತೂಗುಹಾಕಿ ಒಣಗಿಸುವುದು ವಾಡಿಕೆಯ ಕ್ರಮ. ನೀರು ಬಿಸಿಯಾದಷ್ಟೂ ಕುಗ್ಗುವಿಕೆ ಹೆಚ್ಚು, ಮುಂದಿನ ಒಂದೆರಡು ಒಗೆತಗಳಲ್ಲಿಯೂ ತುಸು ಬಾಕಿ ಉಳಿದಿರುತ್ತದೆ. ಕಾಲು ಗಿಡ್ಡ ಮಾಡಿಸುವುದಿದ್ದರೆ ಕತ್ತರಿ ಹಾಕಬೇಕಾದದ್ದು ಈ ನೆನೆತದ ನಂತರವೇ. ಹಳೆಯ ಯೂನಿಯನ್ ಸ್ಪೆಷಲ್ ಯಂತ್ರದ ಚೈನ್ ಹೊಲಿಗೆಯಲ್ಲಿ ಮಡಿಸಿದ ಅಂಚು ಒಗೆದಂತೆ ಹಗ್ಗದ ಹುರಿಯಂತೆ ಸುರುಳಿಗೊಂಡು, ಸವೆದ ಕಡೆ ತಿಳಿಯಾಗುತ್ತಾ ಬರುವುದನ್ನು ಈ ಕಸುಬಿನವರು ವಿಶೇಷವಾಗಿ ಮೆಚ್ಚುತ್ತಾರೆ.

ಅಳತೆಯ ಬಗ್ಗೆ ಇಷ್ಟು ಎಚ್ಚರ ಬರೀ ನೋಟದ ಸಲುವಾಗಿ ಅಲ್ಲ. ನೂಲುಗಳನ್ನು ಹಗ್ಗದಂತೆ ಒಟ್ಟುಗೂಡಿಸಿ ನೀಲಿಯಲ್ಲಿ ಮತ್ತೆ ಮತ್ತೆ ಅದ್ದುವ ಪದ್ಧತಿಯಲ್ಲಿ ಬಣ್ಣ ನೂಲಿನ ಒಡಲಿಗೆ ಇಳಿಯದೆ ಮೇಲ್ಮೈಯಲ್ಲೇ ನಿಲ್ಲುತ್ತದೆ; ಆದ್ದರಿಂದ ಮಡಿಕೆ ಬಿದ್ದಲ್ಲೆಲ್ಲ ಬಣ್ಣ ಸವೆದು ತೊಡುವವರ ನಡಿಗೆಯೂ ಕುಳಿತ ಭಂಗಿಯೂ ಬಟ್ಟೆಯ ಮೇಲೆ ಗೆರೆಗಳಾಗಿ ಮೂಡುತ್ತವೆ, ಆ ಗೆರೆಗಳು ಎಲ್ಲಿ ಬೀಳಬೇಕೆಂಬುದನ್ನು ಅಳತೆಯೇ ಗೊತ್ತುಮಾಡುತ್ತದೆ. ತೊಡೆ ಅತಿ ಬಿಗಿಯಾದರೆ ಅಥವಾ ಸಂದು ತೀರ ಕೆಳಗೆ ಜೋತರೆ ಉಜ್ಜಾಟ ಹೆಚ್ಚಿ, ಇಂತಹ ಗಟ್ಟಿ ಬಟ್ಟೆಯೂ ಮೊದಲು ಅಲ್ಲೇ ಹರಿಯುತ್ತದೆ. ಸರಿಯಾದ ಅಳತೆ ಎಂದರೆ ಬಟ್ಟೆಯ ಆಯುಷ್ಯ. ಹತ್ತಿ ಬೆಳೆದವರು, ನೀಲಿ ಅದ್ದಿದವರು, ನಿಧಾನದ ಮಗ್ಗದಲ್ಲಿ ನೇಯ್ದವರು ಅದಕ್ಕೆ ತೆತ್ತ ಶ್ರಮ ವರ್ಷಗಟ್ಟಲೆ ಬಾಳಬೇಕಾದರೆ, ಕೊಳ್ಳುವ ಮುನ್ನ ಹಳೆಯ ಪ್ಯಾಂಟನ್ನು ಹಾಸಿ ಟೇಪು ಹಿಡಿಯುವಷ್ಟು ತಾಳ್ಮೆಯನ್ನು ಕೊಳ್ಳುವವರೂ ತೋರಬೇಕು.