ಶಾಸನಗಳ ಅಕ್ಷರಗಣನೆಯೂ ಯಂತ್ರಭಾಷೆಗಳ ಸಂಬಂಧವೂ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಶಾಸನಗಳು ‘ಎಪಿಗ್ರಾಫಿಯ ಕರ್ನಾಟಿಕ’ದ ಪರಿಷ್ಕೃತ ಏಳನೆಯ ಸಂಪುಟದಲ್ಲಿ (1979) ಸೇರಿವೆ. ಇಂತಹ ಪಾಠಗಳನ್ನು ಗಣಕಯಂತ್ರದಲ್ಲಿ ಅಳವಡಿಸಿ, ಪ್ರಶಸ್ತಿಭಾಗವೆಷ್ಟು, ದಾನಭಾಗವೆಷ್ಟು ಎಂಬುದನ್ನು ಅಕ್ಷರಸಂಖ್ಯೆಯಿಂದ ಅಳೆಯಬೇಕೆಂದು ಬಯಸುವವರಿಗೆ ತಕ್ಕ ಸಾಧನಗಳು ಇಂದು ಉಂಟು. ಆದರೆ ಆ ಸಾಧನಗಳು ಎಣಿಸುವುದು ಏನನ್ನು ಎಂಬುದನ್ನು ಮೊದಲು ವಿಚಾರಿಸಬೇಕು.

ಇಂತಹ ಸಾಧನಗಳಲ್ಲೊಂದು ರೂಟ್. ಜಿನೀವಾದ ಬಳಿಯ ಸರ್ನ್ ಸಂಸ್ಥೆಯಲ್ಲಿ, ಭೌತವಿಜ್ಞಾನದ ಅಪಾರ ದತ್ತಾಂಶವನ್ನು ಪರಿಶೀಲಿಸುವುದಕ್ಕಾಗಿ ರೆನೆ ಬ್ರುನ್, ಫಾನ್ಸ್ ರಾಡೆಮೇಕರ್ಸ್ ಎಂಬವರು 1995ರಲ್ಲಿ ಇದನ್ನು ಆರಂಭಿಸಿದರು. ಇದು ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ರಚಿತವಾದುದು; ಆ ಭಾಷೆ ವೇಗಶಾಲಿ, ಆದರೆ ಕಲಿಯುವವರಿಗೆ ಕಠಿನ. 1991ರಲ್ಲಿ ಪ್ರಕಟವಾದ ಪೈಥಾನ್ ಸುಲಭವಾದ ಲಿಪಿಭಾಷೆ. ಪೈರೂಟ್ ಎಂಬ ಬೈಂಡಿಂಗ್ ಇವೆರಡರ ನಡುವೆ ನಿಂತ ದುಭಾಷಿ. ಆಜ್ಞೆಯನ್ನು ಪೈಥಾನಿನಲ್ಲಿ ಬರೆದರೂ ಕೆಲಸ ನಡೆಯುವುದು ಸಿ ಪ್ಲಸ್ ಪ್ಲಸ್‌ನಲ್ಲಿ.

ದುಭಾಷಿಯು ಪದವನ್ನು ದಾಟಿಸಬಲ್ಲನು. ಆದರೆ ಉಭಯರೂ ಅದನ್ನು ಒಂದೇ ಬಗೆಯಾಗಿ ಅಳೆಯುವುದಿಲ್ಲ. ಪೈಥಾನ್ ಯೂನಿಕೋಡ್ ಸಂಕೇತಗಳನ್ನು ಎಣಿಸುತ್ತದೆ. ಸಿ ಪ್ಲಸ್ ಪ್ಲಸ್‌ನ ಸಾಮಾನ್ಯ ಪದಮಾಲೆ ಬೈಟುಗಳನ್ನು ಎಣಿಸುತ್ತದೆ. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟುಗಳು. ‘ಮಂಡ್ಯ’ ಎಂಬಲ್ಲಿ ಅಕ್ಷರಗಳು 2. ಆದರೆ ಮಕಾರ, ಅನುಸ್ವಾರ, ಡಕಾರ, ವಿರಾಮಚಿಹ್ನೆ, ಯಕಾರ ಎಂದು ಸಂಕೇತಗಳು 5, ಬೈಟುಗಳು 15. ‘ಮದ್ದೂರು’ ಎಂಬಲ್ಲಿ ಅಕ್ಷರ 3, ಸಂಕೇತ 7, ಬೈಟು 21. ‘ಮಳವಳ್ಳಿ’ ಎಂಬಲ್ಲಿ ಅಕ್ಷರ 4, ಸಂಕೇತ 7, ಬೈಟು 21.

ಒಂದು ಸ್ಥಿರಸಂಖ್ಯೆಯಿಂದ ಭಾಗಿಸಿ ಈ ವ್ಯತ್ಯಾಸವನ್ನು ಸರಿಪಡಿಸಬಹುದೆಂದು ತೋರಬಹುದು. ಅದು ಸಾಧ್ಯವಲ್ಲ. ಅಕ್ಷರವೊಂದಕ್ಕೆ ಮೊದಲ ಹೆಸರಿನಲ್ಲಿ ಏಳೂವರೆ ಬೈಟು, ಎರಡನೆಯದರಲ್ಲಿ ಏಳು, ಮೂರನೆಯದರಲ್ಲಿ ಐದೂಕಾಲು. ಒತ್ತಕ್ಷರಗಳು ಹೆಚ್ಚಿದಷ್ಟೂ ಈ ಪ್ರಮಾಣ ಏರುತ್ತದೆ. ಆದುದರಿಂದ ಸಂಯುಕ್ತಾಕ್ಷರಭೂಯಿಷ್ಠವಾದ ಸಂಸ್ಕೃತಮಯ ಪ್ರಶಸ್ತಿಯು ಇದ್ದುದಕ್ಕಿಂತ ದೀರ್ಘವಾಗಿಯೂ, ತಿಳಿಗನ್ನಡದ ದಾನಭಾಗವು ಅದರ ಮುಂದೆ ಹ್ರಸ್ವವಾಗಿಯೂ ಕಾಣುವುವು. ಲಿಪಿಸಂಕೇತದ ಗುಣವು ಶೈಲಿಯ ಗುಣವೆಂದು ಭ್ರಮೆ ಹುಟ್ಟುವುದು ಇಲ್ಲಿಯೇ.

ಇದಕ್ಕೆ ಪರಿಹಾರ ಛಂದಶ್ಶಾಸ್ತ್ರವನ್ನು ಬಲ್ಲವರಿಗೆ ಹೊಸದಲ್ಲ. ಸ್ವರಚಿಹ್ನೆ, ಅನುಸ್ವಾರ, ವಿಸರ್ಗಗಳನ್ನು ಹಿಂದಿನ ವ್ಯಂಜನದೊಡನೆ ಸೇರಿಸಬೇಕು. ವಿರಾಮಚಿಹ್ನೆಯ ಮುಂದೆ ವ್ಯಂಜನವಿದ್ದರೆ ಎರಡನ್ನೂ ಒಂದೇ ಅಕ್ಷರವೆಂದು ಗ್ರಹಿಸಬೇಕು. ಪದಾಂತ್ಯದ ಅರೆವ್ಯಂಜನವನ್ನು ಹಿಂದಿನ ಅಕ್ಷರಕ್ಕೆ ಕೂಡಿಸಬೇಕು. ಈ ವಿಂಗಡಣೆಯನ್ನು ಪೈಥಾನಿನಲ್ಲಿಯೇ ಮುಗಿಸಿ, ದೊರೆತ ಸಂಖ್ಯೆಗಳನ್ನು ಮಾತ್ರ ಒಂದೇ ಶ್ರೇಣಿಯಾಗಿ ರೂಟ್‌ಗೆ ಒಪ್ಪಿಸುವುದು ಯುಕ್ತ. ಒಂದೊಂದು ಸಂಖ್ಯೆಗೂ ದುಭಾಷಿಯನ್ನು ಕರೆದರೆ ಕಾಲವೂ ವ್ಯರ್ಥವಾಗುವುದು. ಎಣಿಸುವ ಶ್ರಮವನ್ನು ಯಂತ್ರಕ್ಕೆ ವಹಿಸಬಹುದು. ಅಕ್ಷರವೆಂದರೇನೆಂಬುದನ್ನು ನಿರ್ಣಯಿಸುವ ಹೊಣೆ ಭಾಷೆಯನ್ನು ಬಲ್ಲವರದೇ.